ಬಾಯಿ ಬಿಡುವ ಅಂಚು: ಮೂರು ಎಪಾಕ್ಸಿ ಅಂಟು, ಒಂದು ನೈಲಾನ್ ವೇಲ್

ಕಾರ್ಬನ್ ಫೈಬರ್ ಹಲಗೆ ಎರಡನ್ನು ಒಂದರ ಮೇಲೊಂದು ಅಂಟಿಸಿ ಎಳೆದರೆ ಜಾಯಿಂಟ್ ನಡುಭಾಗದಿಂದ ಸೋಲುವುದು ಅಪರೂಪ. ಮೊದಲು ಅಂಚು ಬಾಯಿ ಬಿಡುತ್ತದೆ. ಆಮೇಲೆ ಹಳೆಯ ಬಟ್ಟೆ ಹರಿದ ಹಾಗೆ ಬಿರುಕು ಸರ್ರನೆ ಒಳಕ್ಕೆ ಓಡುತ್ತದೆ. ಆದ್ದರಿಂದ ಅಂಟು ಕೊಳ್ಳುವಾಗ ಕೇಳಬೇಕಾದ್ದು ‘ಇದು ಎಷ್ಟು ಗಟ್ಟಿ’ ಎಂದಲ್ಲ, ‘ಅಂಚಿನಲ್ಲಿ ಇದು ಏನು ಮಾಡುತ್ತದೆ’ ಎಂದು. ಕಾಂಪೋಸಿಟ್ (ನಾರನ್ನು ರೆಸಿನ್ ಎಂಬ ರಾಳದಲ್ಲಿ ಕೂರಿಸಿ ಮಾಡಿದ ವಸ್ತು) ಕೆಲಸದಲ್ಲಿ ಮತ್ತೆ ಮತ್ತೆ ಹೆಸರು ಕೇಳಿಬರುವ ಮೂರು ಅಂಟುಗಳನ್ನು ಇಲ್ಲಿ ಆ ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದ್ದೇವೆ: ಹೆಂಕೆಲ್‌ನ ಲಾಕ್‌ಟೈಟ್ ಇಎ 9394, 3ಎಂನ ಸ್ಕಾಚ್-ವೆಲ್ಡ್ ಡಿಪಿ460, ವೆಸ್ಟ್ ಸಿಸ್ಟಮ್‌ನ ಜಿ/ಫ್ಲೆಕ್ಸ್ 650. ಜೊತೆಗೆ ಪದರಗಳ ನಡುವೆ ಹಾಸುವ ನೈಲಾನ್ ವೇಲ್ ಎಂಬ ತೆಳು ಹಾಳೆ ಕೂಡ ಇದೆ. ಅದು ಅಂಟಲ್ಲ, ಆದರೆ ಮಾಡುವ ಕೆಲಸ ಅಂಟಿನದೇ.

ಮೊದಲು ಡಬ್ಬದ ಮೇಲಿನ ಅಂಕಿಯ ವಿಷಯ. ಮಾಹಿತಿ ಹಾಳೆಗಳಲ್ಲಿ ದಪ್ಪಕ್ಷರದಲ್ಲಿ ಕಾಣುವ ಕತ್ತರಿ ಬಲ, ಅಂದರೆ ಲ್ಯಾಪ್ ಶಿಯರ್ (ಎರಡು ಹಲಗೆ ಒಂದರ ಮೇಲೊಂದು ಜಾರುವಂತೆ ಎಳೆದಾಗ ಅಂಟು ತಡೆಯುವ ಬಲ), ಬಹುಪಾಲು ಆಮ್ಲದಲ್ಲಿ ಎಚ್ಚಿಂಗ್ ಮಾಡಿದ ಅಲ್ಯೂಮಿನಿಯಂ ತಗಡಿನ ಮೇಲೆ ಅಳೆದದ್ದು. ಅಮೆರಿಕದ ಪರೀಕ್ಷಾ ಮಾನದಂಡ ಎಎಸ್‌ಟಿಎಂ ಡಿ 1002 ಪ್ರಕಾರ ತಗಡು 1.6 ಮಿ.ಮೀ. ದಪ್ಪ, ಒಂದರ ಮೇಲೊಂದು ಕೂರುವ ಉದ್ದ 12.7 ಮಿ.ಮೀ. ಕಾಂಪೋಸಿಟ್ ಅಲ್ಯೂಮಿನಿಯಂ ಅಲ್ಲ. ಅದರ ಮೇಲ್ಪದರದ ನಾರುಗಳನ್ನು ಹಿಡಿದುಕೊಂಡಿರುವುದು ತೆಳ್ಳನೆಯ ರೆಸಿನ್ ಅಷ್ಟೆ. ಮೇಲಕ್ಕೆ ಕೀಳುವ ಎಳೆತ ಬಂದರೆ ಅಂಟು ಸೋಲುವ ಮೊದಲೇ ಆ ಪದರ ಕಿತ್ತು ಬರುತ್ತದೆ. ಹಾಗಾಗಿ ಒಂದರ ಹಾಳೆಯಲ್ಲಿ 29 ಮೆಗಾಪಾಸ್ಕಲ್, ಇನ್ನೊಂದರಲ್ಲಿ 31 ಎಂದಿದ್ದರೆ ಎರಡನ್ನೂ ಸಮ ಎಂದೇ ಓದಿಕೊಳ್ಳಿ. ಆ ಎರಡು ಅಂಕಿಯ ಅಂತರ ನಿಮ್ಮ ಜಾಯಿಂಟಿನ ತನಕ ತಲುಪುವುದೇ ಇಲ್ಲ. ನಾರಿನ ಪ್ಲಾಸ್ಟಿಕ್‌ಗೆಂದೇ ಇರುವ ಡಿ 5868 ಪರೀಕ್ಷೆಯ ಅಂಕಿ ಹಾಳೆಯಲ್ಲಿದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಮಾಡ್ಯುಲಸ್ (ಎಳೆದರೆ ಹಿಗ್ಗದ ಗಡಸುತನ), ಹಿಗ್ಗುವಿಕೆ (ಮುರಿಯುವ ಮೊದಲು ಎಷ್ಟು ಉದ್ದವಾಗುತ್ತದೆ), ಪೀಲ್ (ಸಿಪ್ಪೆಯಂತೆ ಕೀಳುವುದಕ್ಕೆ ತಡೆ) ಈ ಮೂರು ಸಾಲು ಹುಡುಕಿ.

ಅಂಚಿನ ಲೆಕ್ಕ ಹೊಸದೇನಲ್ಲ. ಜಾಯಿಂಟಿನ ಹೊರೆ ಉದ್ದಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ, ಎರಡು ತುದಿಗಳಲ್ಲಿ ಗುಂಪುಗೂಡುತ್ತದೆ ಎಂದು ವೋಲ್ಕರ್ಸನ್ 1938ರಲ್ಲೇ ತೋರಿಸಿದ. ಹಲಗೆಗಳು ಬಾಗುವುದರಿಂದ ಅದೇ ತುದಿಗಳಲ್ಲಿ ಮೇಲಕ್ಕೆ ಕೀಳುವ ಬಲವೂ ಹುಟ್ಟುತ್ತದೆ ಎಂದು ಗೋಲ್ಯಾಂಡ್ ಮತ್ತು ರೈಸ್ನರ್ 1944ರಲ್ಲಿ ಸೇರಿಸಿದರು. ವೋಲ್ಕರ್ಸನ್ ಸೂತ್ರಕ್ಕೆ ಒಂದು ಸಾಧಾರಣ ಜಾಯಿಂಟ್ ಹಾಕಿ ನೋಡೋಣ: 2 ಮಿ.ಮೀ. ದಪ್ಪದ ಎರಡು ಕಾರ್ಬನ್ ಹಲಗೆ, ಮಾಡ್ಯುಲಸ್ 50 ಗಿಗಾಪಾಸ್ಕಲ್, ಅಂಟಿನ ದಪ್ಪ 0.25 ಮಿ.ಮೀ., ಒಂದರ ಮೇಲೊಂದು 25 ಮಿ.ಮೀ. ಇಎ 9394ರಂಥ ಗಡಸು ಅಂಟು ಹಾಕಿದರೆ ತುದಿಯ ಒತ್ತಡ ಸರಾಸರಿಯ ಸುಮಾರು 4.3 ಪಟ್ಟು. ಜಿ/ಫ್ಲೆಕ್ಸ್ ಹಾಕಿದರೆ ಸುಮಾರು 2.2 ಪಟ್ಟು. ಹಲಗೆ ಅದೇ, ಹೊರೆ ಅದೇ. ಅಂಟು ಮಿದುವಾದ ಮಾತ್ರಕ್ಕೆ ತುದಿಯ ಪೆಟ್ಟು ಅರ್ಧಕ್ಕೆ ಇಳಿಯಿತು. ಕೀಳುವ ಬಲ ಈ ಲೆಕ್ಕದಲ್ಲಿ ಬಂದಿಲ್ಲ, ಅಂಟು ಮಣಿಯುವುದೂ ಬಂದಿಲ್ಲ, ಹಾಗಾಗಿ ಇದನ್ನು ವಿನ್ಯಾಸಕ್ಕೆ ಬಳಸಬೇಡಿ. ಮೂರು ಅಂಟುಗಳ ಸ್ವಭಾವ ಬೇರೆ ಬೇರೆ ಏಕೆ ಎಂದು ಅರ್ಥವಾಗಲು ಇಷ್ಟು ಸಾಕು.

ಇಎ 9394

ಬೂದು ಬಣ್ಣದ ಗಟ್ಟಿ ಪೇಸ್ಟ್, ಒಳಗೆ ಅಲ್ಯೂಮಿನಿಯಂ ಪುಡಿ. ನೆಟ್ಟಗಿನ ಗೋಡೆಗೆ ಹಚ್ಚಿದರೂ ಜಾರುವುದಿಲ್ಲ. ಸಂದು ಒಂದು ಕಡೆ ಅರ್ಧ ಮಿ.ಮೀ., ಇನ್ನೊಂದು ಕಡೆ ಎರಡು ಮಿ.ಮೀ. ಇದ್ದರೂ ತುಂಬಿಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಮಾಡ್ಯುಲಸ್ 4.2 ಗಿಗಾಪಾಸ್ಕಲ್, ಹಿಗ್ಗುವಿಕೆ 1.66 ಶೇಕಡಾ. ಇದರ ಗುಣವೂ ದೋಷವೂ ಈ ಎರಡು ಅಂಕಿಯಲ್ಲೇ ಇವೆ. ಲೋಹದ ಫಿಟ್ಟಿಂಗನ್ನು ದಪ್ಪ ಲ್ಯಾಮಿನೇಟಿನೊಳಗೆ (ಪದರ ಪದರವಾಗಿ ಕಟ್ಟಿದ ಕಾಂಪೋಸಿಟ್) ಕೂರಿಸಬೇಕೇ, ಜೇನುಗೂಡಿನಂಥ ತಿರುಳಿರುವ ಹನಿಕೂಂಬ್ ಹಲಗೆಯಲ್ಲಿ ಇನ್ಸರ್ಟ್ (ತಿರುಪು ಹಿಡಿಯುವ ತುಂಡು) ಹಾಕಬೇಕೇ, ಹೊರೆ ಒತ್ತುವ ದಿಕ್ಕಿನಲ್ಲಿದೆಯೇ, ಹಾಗಿದ್ದರೆ ಇದಕ್ಕೆ ಸಾಟಿ ಕಡಿಮೆ. ತೆಳು ಹಲಗೆಗಳ ಒಂಟಿ ಲ್ಯಾಪ್‌ಗೆ (ಒಂದರ ಮೇಲೊಂದು ಕೂರಿಸಿದ ಸರಳ ಜಾಯಿಂಟಿಗೆ) ಮಾತ್ರ ಇದು ಬೇಡ. ಹಲಗೆ ಸ್ವಲ್ಪ ಬಾಗಿದರೂ ಅಂಚು ಬಿಸ್ಕತ್ತಿನ ಹಾಗೆ ಮುರಿಯುತ್ತದೆ.

ಬಿಸಿಯ ವಿಷಯದಲ್ಲಿ ಹಾಳೆಯನ್ನು ಎಚ್ಚರದಿಂದ ಓದಬೇಕು. ಬಳಕೆ 177 ಡಿಗ್ರಿ ಸೆಲ್ಸಿಯಸ್‌ವರೆಗೆ ಎಂದಿದೆ. ಆದರೆ ಅಂಟು ಗಾಜಿನಂಥ ಸ್ಥಿತಿಯಿಂದ ರಬ್ಬರಿನಂಥ ಸ್ಥಿತಿಗೆ ಹೊರಳುವ ಉಷ್ಣತೆ ಒಣಗಿದ್ದಾಗ 78, ನೀರು ಕುಡಿದಾಗ 68 ಡಿಗ್ರಿ. ಅದನ್ನು ದಾಟಿದ ಮೇಲೂ ಒಂದಿಷ್ಟು ಬಲ ಉಳಿದಿರುತ್ತದೆ ನಿಜ.  82 ಡಿಗ್ರಿಯಲ್ಲಿ 20 ಮೆಗಾಪಾಸ್ಕಲ್ ಆಸುಪಾಸು, ಅಂದರೆ ಕೋಣೆಯ ಉಷ್ಣತೆಯ ಬಲದ ಸುಮಾರು ಮೂರನೇ ಎರಡು ಪಾಲು, ನಿಲ್ಲುತ್ತದೆ. ಈ ಮೂರರಲ್ಲಿ ಬೇರೆ ಯಾವುದಕ್ಕೂ ಅದು ಸಾಧ್ಯವಿಲ್ಲ.

ದೊಡ್ಡ ತಲೆನೋವು ಕಲಸುವುದು. ಅಳತೆ ತೂಕದಲ್ಲಿ ರೆಸಿನ್ 100ಕ್ಕೆ ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ 17. ಐವತ್ತು ಗ್ರಾಂ ರೆಸಿನ್‌ಗೆ ಎಂಟೂವರೆ ಗ್ರಾಂ ಹಾರ್ಡ್‌ನರ್. ಹತ್ತು ಗ್ರಾಂ ಮಾತ್ರ ಬೇಕೆಂದರೆ ಹಾರ್ಡ್‌ನರ್ 1.7 ಗ್ರಾಂ. ಒಂದು ಗ್ರಾಂ ಲೆಕ್ಕದಲ್ಲಿ ತೋರಿಸುವ ಅಡುಗೆಮನೆ ತಕ್ಕಡಿ ಅದನ್ನು 1 ಎಂದೋ 2 ಎಂದೋ ಹೇಳುತ್ತದೆ. 1 ಎಂದು ನಂಬಿದರೆ ಶೇಕಡಾ 40 ಕೊರತೆ, ಅಂಟು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. 0.1 ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಈ ಡಬ್ಬ ತೆರೆಯಬೇಡಿ. ಸಣ್ಣ ಪ್ರಮಾಣಕ್ಕೆ 0.01ರದ್ದೇ ಬೇಕು. ಬೂದು ಪೇಸ್ಟಿಗೆ ಕಪ್ಪು ಹಾರ್ಡ್‌ನರ್ ಸೇರಿಸಿ ಕಲಸುವಾಗ ಬಣ್ಣದ ಗೆರೆ ಎಲ್ಲೂ ಉಳಿಯಬಾರದು. ಪಾತ್ರೆಯ ಗೋಡೆ, ತಳ, ಕಡ್ಡಿಗೆ ಮೆತ್ತಿದ್ದು ಎಲ್ಲವನ್ನೂ ಕೆರೆದು ಸೇರಿಸಿ, ಬೇರೆ ಪಾತ್ರೆಗೆ ಸುರಿದು ಮತ್ತೊಮ್ಮೆ ಕಲಸಿ. ಕಲಸಿದ ಮೇಲೆ 450 ಗ್ರಾಂ ರಾಶಿಗೆ 25 ಡಿಗ್ರಿಯಲ್ಲಿ ಒಂದೂವರೆ ಗಂಟೆ ಸಮಯ ಇದೆ. ಹಾಗೆಂದು ಹಚ್ಚಿದ ಅಂಟನ್ನು ಗಾಳಿಗೆ ತೆರೆದಿಟ್ಟು ಆ ಹೊತ್ತು ಕಳೆಯಬೇಡಿ. ಹಾರ್ಡ್‌ನರ್‌ನ ಅಮೈನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿ ಮೇಲ್ಗಡೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಎದುರು ಹಲಗೆ ಆ ಪೊರೆಗೆ ಅಂಟಿಕೊಳ್ಳುತ್ತದೆಯೇ ಹೊರತು ಅಂಟಿಗಲ್ಲ. ಎರಡೂ ಮೈಗೆ ಹಚ್ಚಿ, ತಡಮಾಡದೆ ಮುಚ್ಚಿ. ಪೂರ್ತಿ ಗಟ್ಟಿಯಾಗಲು 25 ಡಿಗ್ರಿಯಲ್ಲಿ 3ರಿಂದ 5 ದಿನ, 66 ಡಿಗ್ರಿಯಲ್ಲಿ ಒಂದು ಗಂಟೆ. ಆ ಒಂದು ಗಂಟೆಯ ಎಣಿಕೆ ಅಂಟಿನ ಗೆರೆ 66 ಮುಟ್ಟಿದ ಮೇಲೆ ಶುರು. ಓವನ್ನಿನ ಮುಳ್ಳು ಮುಟ್ಟಿದಾಗಲ್ಲ. ದಪ್ಪ ಟೂಲ್ (ಭಾಗವನ್ನು ಕೂರಿಸಿದ ಅಚ್ಚು) ಇದ್ದರೆ ಇವೆರಡರ ನಡುವೆ ಗಂಟೆಗಟ್ಟಲೆ ಅಂತರ ಇರುತ್ತದೆ.

ಡಿಪಿ460

ಮೂರರಲ್ಲಿ ಮಧ್ಯಮ ಮಾರ್ಗದ್ದು. ಎಪಾಕ್ಸಿಯೊಳಗೆ ಬಿರುಕು ತಡೆಯುವ ಮಿದು ಹಂತ ಸೇರಿಸಿದ ಟಫನ್ಡ್ ಅಂಟು ಇದು. ಬಿರುಕಿನ ಮೊನೆ ಮುಂದೆ ಹೋಗಬೇಕಾದರೆ ಸುತ್ತಲಿನ ಅಂಟು ಹಿಗ್ಗಿ ಮಣಿಯಬೇಕು. ಅಲ್ಲಿ ಶಕ್ತಿ ಖರ್ಚಾಗುತ್ತದೆ, ಬಿರುಕು ದಣಿಯುತ್ತದೆ. ಪೀಲ್ ಪರೀಕ್ಷೆಯಲ್ಲಿ ಇಎ 9394 ಇದರ ಹತ್ತಿರಕ್ಕೂ ಬರುವುದಿಲ್ಲ. ತೆಳು ಹಲಗೆಗೆ ಅದು ಬಾಗದಂತೆ ತಡೆಯುವ ಬಿಗುಪಟ್ಟಿ ಅಂಟಿಸುವುದು, ಕೊಳವೆಗೆ ತೋಳು ಹಾಕುವುದು, ಕಾರ್ಬನ್ನಿಗೆ ಅಲ್ಯೂಮಿನಿಯಂ ಕೂಡಿಸುವುದು, ಇಂಥ ದಿನನಿತ್ಯದ ಕೆಲಸಕ್ಕೆ ಒಂದೇ ಅಂಟು ಇಟ್ಟುಕೊಳ್ಳಬೇಕೆಂದರೆ ಇದನ್ನೇ ಇಟ್ಟುಕೊಳ್ಳಿ.

ಕಾರ್ಟ್ರಿಜ್‌ನಲ್ಲಿ ಬರುತ್ತದೆ. ಅಳತೆ ಗಾತ್ರದಲ್ಲಿ 2ಕ್ಕೆ 1, ಗನ್ನಿಗೆ ಹಾಕಿ ಒತ್ತಿದರೆ ನಾಝಲ್ಲೇ ಕಲಸಿಕೊಡುತ್ತದೆ. ತಕ್ಕಡಿಯ ಕಾಟ ಇಲ್ಲ ಎಂದು ಮೈಮರೆಯುವುದು ಇಲ್ಲೇ. ನಾಝಲ್ ಹಾಕುವ ಮೊದಲು ಸ್ವಲ್ಪ ಒತ್ತಿ, ಎರಡೂ ರಂಧ್ರದಿಂದ ಎರಡೂ ಭಾಗ ಒಟ್ಟಿಗೆ ಬರುತ್ತಿದೆಯೇ ನೋಡಿ. ಒಂದು ಕಡೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಮೊದಲ ಒಂದೆರಡು ಇಂಚು ಬರೀ ರೆಸಿನ್ ಬರುತ್ತದೆ. ನಾಝಲ್ ಹಾಕಿದ ಮೇಲೂ ಅದರ ಉದ್ದದಷ್ಟು ಅಂಟನ್ನು ಕಾಗದದ ಮೇಲೆ ಬಿಟ್ಟು ಎಸೆಯಿರಿ. ಜಿಪುಣತನ ಮಾಡಿ ಆ ಮೊದಲ ಗೆರೆಯನ್ನೇ ಜಾಯಿಂಟಿಗೆ ಹಚ್ಚಿದವರ ಜಾಯಿಂಟಿನಲ್ಲಿ ವಾರ ಕಳೆದರೂ ಬೆರಳಿಗೆ ಅಂಟುವ ಒಂದು ಮೂಲೆ ಸಿಗುತ್ತದೆ. ಅದು ಸಾಮಾನ್ಯವಾಗಿ ಅಂಚಿನಲ್ಲೇ ಇರುತ್ತದೆ, ಯಾಕೆಂದರೆ ಹಚ್ಚಲು ಶುರುಮಾಡುವುದು ಅಲ್ಲಿಂದಲೇ. ಕೆಲಸದ ಸಮಯ ಸುಮಾರು ಒಂದು ಗಂಟೆ. ತಣ್ಣಗಿನ ಕೋಣೆಯಲ್ಲಿ ಪೇಸ್ಟ್ ಬಿಗಿಯಾಗಿ ಗನ್ನಿನ ಹಿಡಿಕೆ ಕೈ ನೋಯಿಸುತ್ತದೆ. ಕಾರ್ಟ್ರಿಜ್ಜನ್ನು ಬೆಚ್ಚಗಿನ ಜಾಗದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸರಿಹೋಗುತ್ತದೆ.

ಕೊರತೆ ಬಿಸಿ. 80 ಡಿಗ್ರಿ ಮುಟ್ಟುವ ಹೊತ್ತಿಗೆ ಕೋಣೆಯ ಉಷ್ಣತೆಯಲ್ಲಿದ್ದ ಬಲದ ಸಣ್ಣ ಪಾಲು ಮಾತ್ರ ಉಳಿದಿರುತ್ತದೆ. ಕಪ್ಪು ಬಣ್ಣದ ಹಲಗೆ ಬಿಸಿಲಲ್ಲಿ ಸುಲಭವಾಗಿ 70 ದಾಟುತ್ತದೆ ಎಂಬುದನ್ನು ನೆನಪಿಡಿ. ಕಾರ್ಬನ್ ಹಲಗೆಗೆ ಹೇಗೂ ಕಪ್ಪೇ ಬಣ್ಣ.

ಜಿ/ಫ್ಲೆಕ್ಸ್ 650

ಮಾಡ್ಯುಲಸ್ ಸುಮಾರು 1 ಗಿಗಾಪಾಸ್ಕಲ್, ಹಿಗ್ಗುವಿಕೆ 32 ಶೇಕಡಾ. ಅದೇ ಕಂಪನಿಯ ಮಾಮೂಲಿ 105 ರೆಸಿನ್, 205 ಹಾರ್ಡ್‌ನರ್ ಜೋಡಿ ಹಿಗ್ಗುವುದು 3.4 ಶೇಕಡಾ. ಈ ಅಂತರ ಕೈಗೇ ತಿಳಿಯುತ್ತದೆ: ಎರಡರದ್ದೂ ಎರಡು ಮಿ.ಮೀ. ಹಾಳೆ ಎರೆದು ಗಟ್ಟಿಯಾದ ಮೇಲೆ ಬಗ್ಗಿಸಿ. ಒಂದು ಟಪ್ಪೆಂದು ಮುರಿಯುತ್ತದೆ; ಇನ್ನೊಂದು ಬಗ್ಗಿ ಬಿಳುಪೇರುತ್ತದೆ, ಬಿಟ್ಟರೆ ನಿಧಾನವಾಗಿ ನೆಟ್ಟಗಾಗುತ್ತದೆ. ಅಂಚಿಗೆ ಬೇಕಾದ ಗುಣ ಅದೇ. ಅಲುಗಾಡುವ, ಬಾಗುವ, ಪೆಟ್ಟು ತಿನ್ನುವ ಗಾಜಿನ ನಾರಿನ ದೋಣಿ, ಹುಟ್ಟು, ಹೊರಕವಚಗಳ ರಿಪೇರಿಗೆ ಇದು ಒಗ್ಗುತ್ತದೆ. ಉಷ್ಣತೆಗೆ ಬೇರೆ ಬೇರೆಯಾಗಿ ಹಿಗ್ಗುವ ವಸ್ತುಗಳನ್ನು ಕೂಡಿಸಲೂ ಒಳ್ಳೆಯದು. ಅಲ್ಯೂಮಿನಿಯಂ ಡಿಗ್ರಿಗೆ ಹತ್ತು ಲಕ್ಷಕ್ಕೆ 23 ಪಾಲು ಹಿಗ್ಗಿದರೆ ಕಾರ್ಬನ್ ತನ್ನ ನಾರಿನ ದಿಕ್ಕಿನಲ್ಲಿ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಅರ್ಧ ಮೀಟರ್ ಜಾಯಿಂಟ್ 40 ಡಿಗ್ರಿ ಬಿಸಿಯಾದರೆ ಎರಡರ ನಡುವೆ 0.4 ಮಿ.ಮೀ.ಗೂ ಹೆಚ್ಚು ಎಳೆದಾಟ, ಅದನ್ನು ಅಂಟೇ ನುಂಗಿಕೊಳ್ಳಬೇಕು.

ಅಳತೆ ಗಾತ್ರದಲ್ಲಿ 1ಕ್ಕೆ 1. ತೂಕದಲ್ಲೂ 1ಕ್ಕೆ 1 ಎಂದುಕೊಂಡು ತಕ್ಕಡಿಗೆ ಹಾಕಬೇಡಿ. ರೆಸಿನ್ ಹಾರ್ಡ್‌ನರ್‌ಗಿಂತ ಭಾರ. ಕಲಸಿದ್ದು ಪಾತ್ರೆಯಲ್ಲಿ 22 ಡಿಗ್ರಿಗೆ ಮುಕ್ಕಾಲು ಗಂಟೆ ಬಳಸುವ ಹದದಲ್ಲಿರುತ್ತದೆ. ಜೇನಿನಷ್ಟು ತೆಳುವಾಗಿರುವುದರಿಂದ ನೆಟ್ಟಗಿನ ಮೈಯಲ್ಲಿ ಇಳಿದುಹೋಗುತ್ತದೆ. ಕೊಲಾಯ್ಡಲ್ ಸಿಲಿಕಾ ಕಲಸಿ ಬೆಣ್ಣೆಯ ಹದಕ್ಕೆ ತನ್ನಿ, ಇಲ್ಲವೇ ಮೊದಲೇ ಗಟ್ಟಿಮಾಡಿರುವ 655 ಕೊಳ್ಳಿ. ಸಿಲಿಕಾ ಹಾಕುವ ಮೊದಲು ಬರೀ ದ್ರವವನ್ನು ಮೈಗೆ ಸವರಿ ತೊಯ್ಯಿಸಿ, ಆಮೇಲೆ ಪೇಸ್ಟ್ ಹಚ್ಚಿ. ಒಣ ಮೈಗೆ ನೇರ ಪೇಸ್ಟ್ ಮೆತ್ತಿದರೆ ಉಜ್ಜಿದ ಗೀರುಗಳೊಳಗೆ ಅದು ಇಳಿಯುವುದಿಲ್ಲ.

ಇದನ್ನು ಹೊಗಳುವವರು ಒಂದು ಮಾತು ಬಿಡುತ್ತಾರೆ: ಸುಮಾರು 50 ಡಿಗ್ರಿಯಲ್ಲೇ ಇದು ಮೆತ್ತಗಾಗತೊಡಗುತ್ತದೆ. ಜೊತೆಗೆ, ಸದಾ ಒಂದೇ ಕಡೆ ಹೊರೆ ಹೊತ್ತ ಜಾಯಿಂಟಿನಲ್ಲಿ ಮಿದು ಅಂಟು ತಿಂಗಳುಗಟ್ಟಲೆ ನಿಧಾನವಾಗಿ ಜರಗುತ್ತದೆ. ಬಿಗಿಯಾಗಿ ಎಳೆದ ಕೇಬಲ್ಲಿನ ಹಿಡಿಕೆಗೋ ಎಂಜಿನ್ನಿನ ಹತ್ತಿರದ ಭಾಗಕ್ಕೋ ಇದನ್ನು ಹಚ್ಚುವುದು ತಪ್ಪು ಆಯ್ಕೆ.

ಮೂರಕ್ಕೂ ಒಂದೇ ತಯಾರಿ

ಇಲ್ಲಿ ಎಡವಿದರೆ ಮೇಲಿನದೆಲ್ಲ ಓದಿಯೂ ವ್ಯರ್ಥ. ಎಪಾಕ್ಸಿ ಜಾಯಿಂಟ್ ಬಿಟ್ಟುಕೊಂಡರೆ ಜನ ಅಂಟನ್ನು ಬೈಯುತ್ತಾರೆ, ತಪ್ಪು ಮಾತ್ರ ಹೆಚ್ಚಾಗಿ ಮೈ ತಯಾರಿಯದು.

ಮೊದಲು ಜಿಡ್ಡು, ಆಮೇಲೆ ಉಜ್ಜುವಿಕೆ. ಅದಲುಬದಲಾದರೆ ಅಚ್ಚಿನಿಂದ ಬಂದ ಮೇಣವನ್ನೂ ಸಿಲಿಕೋನನ್ನೂ ಸ್ಯಾಂಡ್‌ಪೇಪರೇ ಗೀರುಗಳೊಳಕ್ಕೆ ತುಂಬುತ್ತದೆ. ಅಸಿಟೋನ್ ಅಥವಾ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಿಳಿ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ, ದ್ರಾವಕ ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಕೊಳ್ಳಿ. ಹಿಂದೆ ಮುಂದೆ ಉಜ್ಜಿದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೆ. ಆಮೇಲೆ 120ರಿಂದ 180 ನಂಬರಿನ ಸ್ಯಾಂಡ್‌ಪೇಪರ್. ಹೊಳಪು ಪೂರ್ತಿ ಹೋಗಬೇಕು, ನಾರು ಮಾತ್ರ ಕಡಿಯಬಾರದು. ಧೂಳು ಬೂದಿ ಬಣ್ಣದಿಂದ ಕಡುಗಪ್ಪಿಗೆ ತಿರುಗಿದರೆ ರೆಸಿನ್ ದಾಟಿ ಕಾರ್ಬನ್ ಮುಟ್ಟಿದ್ದೀರಿ ಎಂದರ್ಥ, ಅಲ್ಲೇ ನಿಲ್ಲಿಸಿ. ಧೂಳನ್ನು ಹೀರಿ ತೆಗೆದು ಮತ್ತೆ ಒರೆಸಿ, ಬಟ್ಟೆ ಬಿಳಿಯಾಗಿಯೇ ಬರುವ ತನಕ. ಕೊನೆಯಲ್ಲಿ ಶುದ್ಧೀಕರಿಸಿದ ನೀರು ಚಿಮುಕಿಸಿ ನೋಡಿ: ಒಂದೇ ಹಾಳೆಯಾಗಿ ಹರಡಿ ಅರ್ಧ ನಿಮಿಷ ನಿಂತರೆ ಸರಿ, ಹನಿ ಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ. ನೀರು ಹಾಕಿದ ಮೇಲೆ ಚೆನ್ನಾಗಿ ಒಣಗಿಸಿಯೇ ಅಂಟು ಹಚ್ಚಬೇಕು. ಒಂದು ಎಚ್ಚರಿಕೆ ಏನೆಂದರೆ, ಕೆಲವು ಕೊಳೆಗಳಿದ್ದರೂ ನೀರು ಚೆನ್ನಾಗಿಯೇ ಹರಡುತ್ತದೆ. ಈ ಪರೀಕ್ಷೆಯಲ್ಲಿ ಸೋತ ಮೈ ಖಂಡಿತ ಕೆಟ್ಟದ್ದು, ಗೆದ್ದದ್ದು ಖಂಡಿತ ಒಳ್ಳೆಯದು ಎನ್ನಲಾಗದು.

ಪೀಲ್ ಪ್ಲೈ, ಅಂದರೆ ಲ್ಯಾಮಿನೇಟ್ ಗಟ್ಟಿಯಾಗುವಾಗ ಮೇಲೆ ಹಾಸಿ ಆಮೇಲೆ ಕಿತ್ತುಹಾಕುವ ಬಟ್ಟೆಯ ಬಗ್ಗೆ ತಪ್ಪು ನಂಬಿಕೆ ಬಹಳ. ಬಟ್ಟೆ ಕಿತ್ತ ಮೈ ಒರಟಾಗಿ ಚೊಕ್ಕವಾಗಿ ಕಾಣುತ್ತದೆ, ನೇರ ಅಂಟಿಸಬಹುದು ಎನ್ನಿಸುತ್ತದೆ. ಕಿತ್ತ ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಟ್ಟೆಯ ಒಂದೊಂದು ನೂಲಿನ ಅಚ್ಚೂ ನುಣುಪಾದ ತೊಟ್ಟಿಯಂತೆ ಹೊಳೆಯುತ್ತದೆ. ಆ ಹೊಳಪು ಕಂಡಷ್ಟೂ ಜಾಗ ಇನ್ನೂ ತಯಾರಾಗಿಲ್ಲ. ಸಿಲಿಕೋನ್ ಲೇಪದ, ಸುಲಭವಾಗಿ ಬಿಡುವ ಪೀಲ್ ಪ್ಲೈ ಆಗಿದ್ದರಂತೂ ಆ ಲೇಪ ಮೈಗೆ ದಾಟಿರುತ್ತದೆ. ಅಂಟಿಸುವ ಮೈಗೆ ಅದನ್ನು ಹಾಕಲೇಬಾರದು. ಲೇಪವಿಲ್ಲದ ಪಾಲಿಯೆಸ್ಟರ್ ಬಟ್ಟೆ ಬಳಸಿ, ಕಿತ್ತ ಮೇಲೂ ಲಘುವಾಗಿ ಉಜ್ಜಿ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಲ್ಯಾಮಿನೇಟಿನ ಮೇಲೆ ಮೇಣದಂಥ ಅಮೈನ್ ಪಸೆ ಇದ್ದರೆ ಅದು ಅಸಿಟೋನಿಗೆ ಬಗ್ಗುವುದಿಲ್ಲ. ನೀರಿನಲ್ಲಿ ಕರಗುವ ವಸ್ತು ಅದು. ನೀರು ಹಾಕಿ ನಾರುಜ್ಜಿಯಲ್ಲಿ ತೊಳೆದ ಮೇಲೆ ಉಜ್ಜಿ.

ಹಳೆಯ ಭಾಗ ರಿಪೇರಿಯಾದರೆ ಒಳಗಿನ ತೇವ ಇನ್ನೊಂದು ಶತ್ರು. ಲ್ಯಾಮಿನೇಟ್ ವರ್ಷಗಳಿಂದ ಕುಡಿದ ನೀರು ಬಿಸಿ ತಾಗಿದೊಡನೆ ಆವಿಯಾಗಿ ಅಂಟಿನೊಳಗೆ ಗುಳ್ಳೆ ಎಬ್ಬಿಸುತ್ತದೆ. 65ರಿಂದ 80 ಡಿಗ್ರಿಯಲ್ಲಿ ಕಡಿಮೆ ಎಂದರೆ ಒಂದು ದಿನ ಒಣಗಿಸಿ, ಹನಿಕೂಂಬ್ ಇದ್ದರೆ ಇನ್ನೂ ಹೆಚ್ಚು. ಫ್ರೀಜರ್‌ನಲ್ಲಿಡುವ, ಹಾಳೆಯ ರೂಪದ ಫಿಲ್ಮ್ ಅಂಟು ಬಳಸುವವರು ಅದನ್ನು ಮೊಹರು ಹಾಕಿದ ಚೀಲದಲ್ಲೇ ಕೋಣೆಯ ಉಷ್ಣತೆಗೆ ತರಬೇಕು. ತಣ್ಣಗಿರುವಾಗಲೇ ಚೀಲ ಬಿಚ್ಚಿದರೆ ತಂಬಿಗೆಯ ಹೊರಮೈ ಬೆವರಿದ ಹಾಗೆ ಫಿಲ್ಮ್ ಬೆವರುತ್ತದೆ. 1988ರಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಛಾವಣಿ ಹಾರಾಟದಲ್ಲೇ ಕಿತ್ತುಹೋದ ದುರಂತದ ಹಿಂದೆ ಇದ್ದದ್ದೂ ಬಾಳಿಕೆ ಇಲ್ಲದ ತಣ್ಣನೆಯ ಅಂಟುಜೋಡಣೆಯೇ. ಅದು ಲೋಹದ ಹಾಳೆ. ಆದರೂ ಅಂಟು ಬಿಟ್ಟಿತು, ತುಕ್ಕು ಹಿಡಿಯಿತು, ಹೊರೆಯೆಲ್ಲ ರಿವೆಟ್ಟುಗಳ ಮೇಲೆ ಬಿತ್ತು, ಅಲ್ಲಿಂದ ದಣಿವಿನ ಬಿರುಕು ಶುರುವಾಯಿತು.

ದಪ್ಪ ಮತ್ತು ಅಂಚು

ಅಂಟಿನ ದಪ್ಪ 0.1ರಿಂದ 0.3 ಮಿ.ಮೀ. ಒಳಗೆ ಇರಲಿ. ಕ್ಲಾಂಪನ್ನು ಶಕ್ತಿಮೀರಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಒಣಮೈ ಉಳಿಯುತ್ತದೆ. 0.25 ಮಿ.ಮೀ. ವ್ಯಾಸದ ಗಾಜಿನ ಮಣಿಗಳನ್ನು ಅಂಟಿನ ತೂಕದ ಶೇಕಡಾ ಅರ್ಧದಿಂದ ಒಂದರಷ್ಟು ಕಲಸಿದರೆ ಎಷ್ಟೇ ಒತ್ತಿದರೂ ಅಷ್ಟು ದಪ್ಪ ಉಳಿಯುತ್ತದೆ. ಹೆಂಕೆಲ್‌ನವರದೇ ಇಎ 9309.3ಎನ್‌ಎಯಲ್ಲಿ 0.13 ಮಿ.ಮೀ. ಮಣಿಗಳು ಮೊದಲೇ ಇರುತ್ತವೆ; ಆ ಸೌಲಭ್ಯ 9394ಕ್ಕೂ ಕೊಟ್ಟಿದ್ದರೆ ಚೆನ್ನಾಗಿತ್ತು.

ಅಂಚಿನಿಂದ ಉಕ್ಕಿ ಬಂದ ಅಂಟನ್ನು ಒರೆಸಿ ಚೊಕ್ಕ ಮಾಡುವ ಚಾಳಿ ಬಿಡಿ. ಅದನ್ನು 45 ಡಿಗ್ರಿ ಇಳಿಜಾರಿಗೆ ಕಡ್ಡಿಯಲ್ಲಿ ಸವರಿ ಹಾಗೆಯೇ ಬಿಟ್ಟರೆ ತುದಿಯ ಒತ್ತಡ ಹಂಚಿಹೋಗುತ್ತದೆ. ಚೊಕ್ಕವಾಗಿ ಕೆರೆದ ಚೌಕ ಅಂಚು ನೋಡಲು ಅಂದ, ಬಿರುಕಿಗೆ ಬಾಗಿಲು. ಹಲಗೆಯ ತುದಿಯನ್ನೇ 10ಕ್ಕೆ 1ರ ಇಳಿಜಾರಲ್ಲಿ ತೆಳುಮಾಡಿ ಅರ್ಧ ಮಿ.ಮೀ. ಆಸುಪಾಸಿಗೆ ತಂದರೆ ಇನ್ನೂ ಒಳ್ಳೆಯದು. ಅಂಟಿಗೆ ತಾಗುವ ಪದರದ ನಾರು ಹೊರೆಯ ದಿಕ್ಕಿನಲ್ಲೋ 45 ಡಿಗ್ರಿಯಲ್ಲೋ ಇರಲಿ. ಅಡ್ಡ 90 ಡಿಗ್ರಿ ಪದರ ಅಲ್ಲಿದ್ದರೆ ಬಿರುಕು ಅಂಟು ಬಿಟ್ಟು ಆ ಪದರದೊಳಗೆ ನುಸುಳುತ್ತದೆ.

ಒಂದರ ಮೇಲೊಂದು ಎಷ್ಟು ಉದ್ದ ಇರಬೇಕು ಎಂಬುದಕ್ಕೆ ಹಾರ್ಟ್-ಸ್ಮಿತ್ 1970ರ ದಶಕದಲ್ಲಿ ಮಾಡಿದ ಕೆಲಸದಿಂದ ಬಂದ ಅಳತೆ ಈಗಲೂ ನಡೆಯುತ್ತದೆ: ಎರಡೂ ಕಡೆ ಪಟ್ಟಿಯಿದ್ದರೆ ಹಲಗೆಯ ದಪ್ಪದ 30 ಪಟ್ಟು, ಒಂಟಿ ಲ್ಯಾಪ್‌ಗೆ 80 ಪಟ್ಟು, ಸ್ಕಾರ್ಫ್ (ಎರಡೂ ತುದಿ ಓರೆಯಾಗಿ ಕೆತ್ತಿ ಕೂಡಿಸಿದ ಜಾಯಿಂಟ್) ಆದರೆ 50ಕ್ಕೆ 1 ಇಳಿಜಾರು. ನಡುಭಾಗ ಹೊರೆ ಹೊರುವುದೇ ಇಲ್ಲವಲ್ಲ, ಇಷ್ಟುದ್ದ ದಂಡ ಎನ್ನಿಸಬಹುದು. ದಂಡವಲ್ಲ. ಹೊರೆಯಿಲ್ಲದ ಆ ನಡುಭಾಗವೇ ತುದಿಗಳು ಬಿಸಿಯಲ್ಲಿ ಜರಗದಂತೆ ಹಿಡಿದು ವಾಪಸು ತರುತ್ತದೆ. ಜಿ/ಫ್ಲೆಕ್ಸ್‌ನಂಥ ಮಿದು ಅಂಟಿಗೆ ಅದು ಇನ್ನಷ್ಟು ಬೇಕು. ಕಾರ್ಬನ್ನಿಗೆ ಅಲ್ಯೂಮಿನಿಯಂ ಅಂಟಿಸುವಾಗ ನಡುವೆ ತೆಳು ಗಾಜಿನ ನಾರಿನ ಬಟ್ಟೆ ಇರಲೇಬೇಕು, ಇಲ್ಲವಾದರೆ ತೇವ ಸೇರಿದೊಡನೆ ಎರಡೂ ಸೇರಿ ಬ್ಯಾಟರಿಯಾಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ವೇಲ್

ಜಾಯಿಂಟ್ ಗಟ್ಟಿಯಾದಷ್ಟೂ ಸೋಲು ಪಕ್ಕಕ್ಕೆ, ಲ್ಯಾಮಿನೇಟಿನ ಮೊದಲ ಎರಡು ಪದರಗಳ ನಡುವೆ ಸರಿಯುತ್ತದೆ. ಅಲ್ಲಿಗೆ ಯಾವ ಕಾರ್ಟ್ರಿಜ್ಜೂ ತಲುಪುವುದಿಲ್ಲ. ಪದರ ಹಾಸುವಾಗಲೇ ಜೇಡರ ಬಲೆಯಂಥ ನೈಲಾನ್ ವೇಲ್ ಹಾಕಬೇಕಾದ್ದು ಅದಕ್ಕೆ. ಚದರ ಮೀಟರಿಗೆ 4ರಿಂದ 10 ಗ್ರಾಂ ತೂಗುವ ಇದನ್ನು ಎತ್ತಿ ಹಿಡಿದರೆ ಆಚೆ ಬದಿಯ ಅಕ್ಷರ ಓದಬಹುದು, ಉಸಿರು ಬಿಟ್ಟರೆ ಹಾರುತ್ತದೆ. ಬಿರುಕು ಪದರಗಳ ನಡುವೆ ಓಡುವಾಗ ಈ ನೂಲುಗಳು ಎರಡೂ ದಡ ಹಿಡಿದು ಸೇತುವೆಯಾಗುತ್ತವೆ. ಟಫನಿಂಗ್ ಇಲ್ಲದ ಸಾಮಾನ್ಯ ಕಾರ್ಬನ್–ಎಪಾಕ್ಸಿ ಪದರಗಳನ್ನು ಬಿಡಿಸಲು ಚದರ ಮೀಟರಿಗೆ 0.2ರಿಂದ 0.3 ಕಿಲೋಜೂಲ್ ಸಾಕಾಗುತ್ತದೆ. ವೇಲ್ ಚೆನ್ನಾಗಿ ತೊಯ್ದು ಕೂತರೆ ಅದು ಎರಡು ಪಟ್ಟಾಗುವುದು ಉಂಟು. ಬೋಯಿಂಗ್ 777ರ ಬಾಲಕ್ಕೂ 787ಕ್ಕೂ ಬಳಸಿದ ಟೋರೆಯ ಟಿ800/3900-2 ಪ್ರೀಪ್ರೆಗ್‌ನಲ್ಲಿ (ಮೊದಲೇ ರೆಸಿನ್ ಹೀರಿಸಿದ ನಾರಿನ ಹಾಳೆ) ಇದೇ ಕೆಲಸವನ್ನು ಪದರಗಳ ನಡುವೆ ಸೇರಿಸಿದ ಥರ್ಮೋಪ್ಲಾಸ್ಟಿಕ್ ಕಣಗಳು ಮಾಡುತ್ತವೆ.

ಕೊಳ್ಳುವಾಗ ಯಾವ ನೈಲಾನ್ ಎಂದು ಕೇಳಿ. ಪಿಎ66 ಕರಗುವುದು 260 ಡಿಗ್ರಿಯ ಆಸುಪಾಸು, ಹಾಗಾಗಿ 180 ಡಿಗ್ರಿ ಓವನ್ನಿನಲ್ಲೂ ನೂಲಾಗಿಯೇ ಉಳಿಯುತ್ತದೆ. ಪಿಎ12 ಸುಮಾರು 178ರಲ್ಲೇ ಕರಗುತ್ತದೆ. ಅದೇ ಓವನ್ನಿನಲ್ಲಿ ಸೇತುವೆಯ ನೂಲು ಹೋಗಿ ಚುಕ್ಕೆ ಚುಕ್ಕೆ ಪ್ಲಾಸ್ಟಿಕ್ ಉಳಿಯುತ್ತದೆ. ಎಲ್ಲ ಪದರಗಳ ನಡುವೆಯೂ ಹಾಸುವುದು ದುಂದು. ಬಿಗುಪಟ್ಟಿ ಮುಗಿಯುವ ಜಾಗ, ಪದರ ಕಡಿಮೆಯಾಗುವ ಮೆಟ್ಟಿಲು, ತೂತಿನ ಸುತ್ತ, ಅಂಟಿಸುವ ಮೈಯ ಮೊದಲ ಒಂದೆರಡು ಪದರಗಳ ನಡುವೆ, ಇಷ್ಟಕ್ಕೆ ಹಾಕಿದರೆ ಸಾಕು. ಪ್ರತಿ ವೇಲ್ ಕೂಡ ರೆಸಿನ್ ಹೀರಿ ದಪ್ಪ ಹೆಚ್ಚಿಸುತ್ತದೆ, ನಾರಿನ ಪಾಲು ಇಳಿಯುತ್ತದೆ. ನೈಲಾನ್ ನೀರು ಕುಡಿಯುವ ವಸ್ತುವಾದ್ದರಿಂದ ಹಾಸುವ ಮೊದಲು ಒಣಗಿಸಿಕೊಳ್ಳಿ. ದಪ್ಪ ದಿಕ್ಕಿಗೆ ಚುಚ್ಚುವ ಝಡ್-ಪಿನ್ ಇದಕ್ಕಿಂತ ಬಲವಾಗಿ ಪದರಗಳನ್ನು ಹಿಡಿಯುತ್ತದೆ ನಿಜ, ಆದರೆ 0.28 ಅಥವಾ 0.51 ಮಿ.ಮೀ.ನ ಒಂದೊಂದು ಪಿನ್ನೂ ನಾರುಗಳನ್ನು ಪಕ್ಕಕ್ಕೆ ತಳ್ಳಿ ಬಾಗಿಸುತ್ತದೆ. ಹಲಗೆಯ ಒತ್ತುವ ಬಲ ಅಷ್ಟರಮಟ್ಟಿಗೆ ತಗ್ಗುತ್ತದೆ. ಸಣ್ಣ ಕಾರ್ಯಾಗಾರಕ್ಕೆ ವೇಲೇ ಸರಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಕತ್ತರಿ ಬಲದ ಪರೀಕ್ಷೆ ಕೆಟ್ಟ ತಯಾರಿಯನ್ನು ಬಚ್ಚಿಡುತ್ತದೆ, ಬೆಣೆ ಪರೀಕ್ಷೆ ಬಯಲಿಗೆಳೆಯುತ್ತದೆ. ಎಎಸ್‌ಟಿಎಂ ಡಿ 3762 ಲೋಹಕ್ಕಾಗಿ ಬರೆದದ್ದಾದರೂ ತಂತ್ರ ಇಲ್ಲೂ ನಡೆಯುತ್ತದೆ. 25 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ಎರಡು ಪಟ್ಟಿ ಅಂಟಿಸಿ, ಒಂದು ತುದಿಯಲ್ಲಿ ಅಂಟದ ಪ್ಲಾಸ್ಟಿಕ್ ಹಾಳೆ ಬಿಡಿ. ಪೂರ್ತಿ ಗಟ್ಟಿಯಾದ ಮೇಲೆ ಆ ತುದಿಗೆ ಬೆಣೆ ಹೊಡೆಯಿರಿ. ಬೆಣೆಯ ದಪ್ಪ ಪಟ್ಟಿ ಮುರಿಯದಷ್ಟು ಮಾತ್ರ. ಬಿರುಕಿನ ಮೊನೆಗೆ ಗುರುತು ಹಾಕಿ 50 ಡಿಗ್ರಿ ನೀರಿನಲ್ಲಿ ಮುಳುಗಿಸಿ, ಒಂದು ಗಂಟೆ ಕಳೆದ ಮೇಲೆ ಒಮ್ಮೆ, ಒಂದು ದಿನ ಕಳೆದ ಮೇಲೆ ಮತ್ತೊಮ್ಮೆ ಬಿರುಕು ಎಷ್ಟು ಮುಂದೆ ಹೋಗಿದೆ ಎಂದು ಅಳೆಯಿರಿ. ಆಮೇಲೆ ಪೂರ್ತಿ ಸೀಳಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎರಡೂ ಮೈಯಲ್ಲಿ ಮಂಕು ಅಂಟು ಇದ್ದರೆ ಅಂಟೇ ಸೀಳಿದೆ, ತಯಾರಿ ಸರಿಯಿದೆ. ಕಪ್ಪು ನಾರು ಅಂಟಿಕೊಂಡು ಬಂದಿದ್ದರೆ ಲ್ಯಾಮಿನೇಟೇ ಮೊದಲು ಸೋತಿದೆ. ಅಂಟು ಬದಲಿಸಿ ಉಪಯೋಗವಿಲ್ಲ, ವೇಲ್ ಯೋಚಿಸಿ. ಒಂದು ಮೈ ಕನ್ನಡಿಯಂತೆ ಹೊಳೆಯುತ್ತ ಎದುರು ಮೈಯಲ್ಲಿ ನಿಮ್ಮದೇ ಸ್ಯಾಂಡ್‌ಪೇಪರ್ ಗೀರಿನ ಅಚ್ಚು ಮೂಡಿದ್ದರೆ ಅಂಟು ಹಿಡಿದೇ ಇರಲಿಲ್ಲ. ಆ ಬ್ಯಾಚಿನ ಎಲ್ಲ ಜಾಯಿಂಟನ್ನೂ ಅನುಮಾನದಿಂದ ನೋಡಿ. ಅಂಟು ಹಿಡಿಯದ ಜಾಗ ಬಡಿದು ನೋಡಿದರೂ ಗೊತ್ತಾಗುವುದಿಲ್ಲ, ಅಲ್ಟ್ರಾಸೌಂಡಿನಲ್ಲೂ ಕಾಣುವುದಿಲ್ಲ. ಎರಡು ಮೈಗಳ ನಡುವೆ ಸಂದು ಇದ್ದರೆ ತಾನೇ ಕಾಣಲು.

ಹಾಗಾದರೆ ಯಾವುದು? ದಪ್ಪ ಭಾಗ, ಬಿಸಿ, ಏರುಪೇರಾದ ಸಂದು ಇದ್ದರೆ ಇಎ 9394, ತಕ್ಕಡಿ ಸಮೇತ. ತೆಳು ಹಲಗೆ, ಹೆಚ್ಚು ಬಿಸಿಯಿಲ್ಲದ ವಾತಾವರಣ ಇದ್ದರೆ ಡಿಪಿ460. ಪೆಟ್ಟು ತಿನ್ನುವ, ಬಾಗುವ, ಬಿಸಿಯೇರದ ಭಾಗಕ್ಕೆ ಜಿ/ಫ್ಲೆಕ್ಸ್. ಪಾಲಿಪ್ರೊಪಿಲೀನ್ ರೆಸಿನ್ನಿನ ಕಾಂಪೋಸಿಟ್ ಆದರೆ ಉಜ್ಜಿದ ಮಾತ್ರಕ್ಕೆ ಈ ಮೂರರಲ್ಲಿ ಯಾವುದೂ ಹಿಡಿಯದು. ತೆರೆದ ಕಾರ್ಟ್ರಿಜ್ಜಿಗೆ ಬಳಸಿದ ನಾಝಲ್ಲನ್ನೇ ಮುಚ್ಚಳವಾಗಿ ಬಿಡಬೇಡಿ, ಬಾಯಿ ಒರೆಸಿ ಅದರದೇ ಮುಚ್ಚಳ ಹಾಕಿ. ಮುಚ್ಚಳ ತಿರುಗುಮುರುಗಾಗಿ ಕೂತರೆ ರೆಸಿನ್ ಬಾಯಿಗೆ ಹಾರ್ಡ್‌ನರ್ ತಾಗಿ ಮುಂದಿನ ಸಲ ಒತ್ತಿದಾಗ ಒಂದೇ ಕಡೆಯಿಂದ ಬರುತ್ತದೆ. ಚಳಿಯಲ್ಲಿ ರೆಸಿನ್ ಸಕ್ಕರೆ ಪಾಕದಂತೆ ಹರಳುಗಟ್ಟಿದ್ದರೆ ಎಸೆಯಬೇಡಿ. ಡಬ್ಬದ ಮುಚ್ಚಳ ಸಡಿಲಿಸಿ 50 ಡಿಗ್ರಿ ಬಿಸಿನೀರಿನಲ್ಲಿ ನಿಲ್ಲಿಸಿ ಕಲಕಿ, ಹರಳು ಪೂರ್ತಿ ಕರಗಿದ ಮೇಲೆ ತಣಿಸಿ ಬಳಸಿ.